ಒಂದು ಬೆರಳಿನ ಆಟಿಕೆಗಳು

ಆ ಮೂರು ತಿಂಗಳು ನಮ್ಮ ಮನೆಯಲ್ಲಿ ಒಂದು ಡಬ್ಬಿಗೂ ಮುಚ್ಚಳವಿರಲಿಲ್ಲ. ಸಕ್ಕರೆಯ ಮೇಲೆ ಬಟ್ಟಲು ಮಗುಚಿದ್ದೆ, ಟೀಪುಡಿಗೆ ಹಳೆಯ ಪತ್ರಿಕೆ ಮುಚ್ಚಿ ರಬ್ಬರ್ ಬ್ಯಾಂಡ್ ಸುತ್ತಿದ್ದೆ, ಉಪ್ಪಿನ ಕಥೆ ಕೇಳಲೇಬೇಡಿ. ಪೌಡರ್ ಡಬ್ಬಿ ಖಾಲಿಯಾಗುವ ಮುಂಚೆಯೇ ಮಾಯವಾಗುತ್ತಿತ್ತು. ಒಳಗಿದ್ದ ಪೌಡರು ಕಾಗದದ ಪೊಟ್ಟಣದಲ್ಲಿ ಕಿಟಕಿಯ ಮೇಲೆ ಕೂತಿರುತ್ತಿತ್ತು. ಒಂದು ದಿನ ಬೆಳಿಗ್ಗೆ ಹೊರಗೆ ಹೊರಟರೆ ನನ್ನ ಒಂದು ಚಪ್ಪಲಿಗೆ ಹಿಮ್ಮಡಿಯೇ ಇಲ್ಲ. ಕೇಳಿದರೆ, "ಹೇಗೂ ಸವೆದಿತ್ತಲ್ಲೇ, ಆಟದ ಗಾಡಿಗೆ ನಾಲ್ಕು ಗಾಲಿ ಬಂತು ಅದರಲ್ಲಿ" ಅಂದರು, ನನಗೇನೋ ಉಪಕಾರ ಮಾಡಿದವರ ಹಾಗೆ.

ಅಂದವರು ನಮ್ಮ ಯಜಮಾನರು. ಹೊಲಿಗೆ ಮಿಷನ್ ರಿಪೇರಿ ಮಾಡುತ್ತಾರೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಬೀದಿಯವರೆಲ್ಲ ಮಿಷನ್ ಮಾಮ ಅನ್ನುತ್ತಾರೆ. ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ನಾನು ಕೂತು ಜಿಪ್ಪು ಹಾಕಿಕೊಡುತ್ತೇನೆ, ಉದ್ದದ ಪ್ಯಾಂಟು ಗಿಡ್ಡ ಮಾಡುತ್ತೇನೆ. ಹಾಗಾಗಿ ನಲವತ್ತು ವರ್ಷದಿಂದ ಹಗಲಿಡೀ ಇವರ ಮುಖವನ್ನೇ ನೋಡಿಕೊಂಡು ಬಂದಿದ್ದೇನೆ. ನನ್ನ ತಾಳ್ಮೆ ಎಂಥದ್ದು ಅಂತ ನೀವೇ ಲೆಕ್ಕ ಹಾಕಿ.

ಇವರದ್ದೊಂದು ಪರೀಕ್ಷೆಯಿದೆ. ರಿಪೇರಿ ಮುಗಿದ ಮೇಲೆ ಮಿಷನ್ನಿನ ಚಕ್ರಕ್ಕೆ ಕಿರುಬೆರಳು ತಾಗಿಸುತ್ತಾರೆ. ಆ ಒಂದು ಬೆರಳಿಗೇ ಚಕ್ರ ಸಲೀಸಾಗಿ ತಿರುಗಬೇಕು. ಎಲ್ಲಾದರೂ ಕೂದಲೆಳೆಯಷ್ಟು ಹಿಡಿದುಕೊಂಡರೂ ಸರಿ, ಪೂರ್ತಿ ಬಿಚ್ಚಿ ಮತ್ತೆ ಕೂರುತ್ತಾರೆ. "ಸಾಕು ಬಿಡಿ ಮಾಮ, ಹೊಲಿಯುತ್ತಲ್ಲ" ಎಂದು ಗಿರಾಕಿ ಗೋಗರೆದರೂ ಕಿವಿಯ ಮೇಲೆ ಹಾಕಿಕೊಳ್ಳುವುದಿಲ್ಲ. ಮನೆಯಲ್ಲೂ ಇದೇ ಹಾಡು. ಯಾವ ಬಾಗಿಲೂ ಕಿರ್ ಅನ್ನುವುದಿಲ್ಲ, ಯಾವ ಕಪಾಟೂ ಬಿಗಿ ಇಲ್ಲ. ಬಚ್ಚಲಿನ ಚಿಲಕಕ್ಕೆ ಎಷ್ಟು ಎಣ್ಣೆ ಬಿಟ್ಟಿದ್ದಾರೆಂದರೆ, ಒಳಗಿನಿಂದ ಹಾಕಿಕೊಂಡರೆ ತಾನಾಗಿಯೇ ಜಾರಿ ಬಿಚ್ಚಿಕೊಳ್ಳುತ್ತದೆ. ನಾನು ಜೋರಾಗಿ ಹಾಡಿಕೊಂಡೇ ಸ್ನಾನ ಮಾಡಬೇಕು.

ಇಂಥವರ ಕೈಗೆ ಆಟಿಕೆ ಮಾಡುವ ಕೆಲಸ ಬಿದ್ದದ್ದು ಮೊಮ್ಮಗಳಿಂದ.

ಅವಳನ್ನು ನಾವು ಮೆಣಸು ಅಂತ ಕರೆಯುತ್ತೇವೆ. ಹೆಸರಿಟ್ಟವರು ಇವರೇ. ದಿನ ತುಂಬುವ ಮುಂಚೆ ಹುಟ್ಟಿದವಳು, ಅಷ್ಟೇ ಚಿಕ್ಕವಳು, ಅಷ್ಟೇ ಖಾರ. ಅಳಿಯ ಲಾರಿ ಓಡಿಸುತ್ತಾನೆ, ತಿಂಗಳಿಗೆ ಎರಡು ಸಲ ಮುಖ ತೋರಿಸಿದರೆ ಹೆಚ್ಚು. ಮಗಳು ನಮ್ಮ ಮನೆಯಲ್ಲೇ ಇದ್ದು ಔಷಧಿ ಅಂಗಡಿಯಲ್ಲಿ ಬಿಲ್ ಹಾಕುತ್ತಾಳೆ. ಹಾಗಾಗಿ ಹಗಲೆಲ್ಲ ಮೆಣಸು ನಮ್ಮ ಜೊತೆ ಅಂಗಡಿಯ ಕೋಣೆಯಲ್ಲೇ. ಅವಳ ಬಲಗೈ ಚುರುಕೆಂದರೆ ಚುರುಕು. ತಿನ್ನಲು, ಗೀಚಲು, ನಮಗೆಲ್ಲ ಹೊಡೆಯಲು ಅದೊಂದೇ ಕೈ. ಎಡಗೈ ಮಾತ್ರ ಮುಷ್ಟಿ ಕಟ್ಟಿಕೊಂಡು ಪಕ್ಕದಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ಮೂರು ವರ್ಷ ದಾಟಿದರೂ ಅದು ಒಂದು ಚಮಚ ಹಿಡಿದದ್ದಿಲ್ಲ.

ಮಗಳು ಆಸ್ಪತ್ರೆಗೆ ಕರೆದುಕೊಂಡು ಹೋದಳು. ನಾವಿಬ್ಬರೂ ಜೊತೆಗೆ ಹೋದೆವು. ಮಕ್ಕಳಿಗೆ ಕೈಕಾಲಿನ ವ್ಯಾಯಾಮ ಹೇಳಿಕೊಡುವ ಮೇಡಂ ಒಬ್ಬರಿದ್ದರು. ಒಂದು ಗಂಟೆ ಮೆಣಸಿನ ಜೊತೆ ನೆಲದ ಮೇಲೆ ಕೂತು ಆಡಿ, ಆಮೇಲೆ ಮಗಳಿಗೆ ಹೇಳಿದರು.

"ಕೈಯಲ್ಲಿ ಶಕ್ತಿ ಇಲ್ಲ ಅಂತಲ್ಲ. ಆ ಕೈ ಇದೆ ಅನ್ನೋದೇ ಇವಳಿಗೆ ಮರೆತು ಹೋಗ್ತಿದೆ. ಎರಡೂ ಕೈ ಬೇಕಾಗೋ ಆಟ ಆಡಿಸಿ, ಮೂರು ತಿಂಗಳು ಬಿಟ್ಟು ಬನ್ನಿ. ಆಗಲೂ ಎಡಗೈ ತಾನಾಗಿ ಮುಂದೆ ಬರದೇ ಇದ್ರೆ, ದಿನಾ ಕೆಲವು ಗಂಟೆ ಬಲಗೈಗೆ ಪಟ್ಟಿ ಸುತ್ತಿ ಕೂರಿಸಬೇಕಾಗುತ್ತೆ. ಬಲಗೈ ಸಿಗಲ್ಲ ಅಂತಾದಾಗ ಎಡಗೈ ಏಳುತ್ತೆ."

ಮಗಳ ಮುಖ ಬಿಳಿಚಿಕೊಂಡಿತು. ಇರುವ ಒಂದು ಕೈಯನ್ನೂ ಕಟ್ಟಿಹಾಕಿದರೆ ಆ ಮಗು ಹೇಗೆ ಇರಬೇಕು? ಇವರು ಹೊರಗಿನ ವರಾಂಡಕ್ಕೆ ಬರುವವರೆಗೆ ತಡೆದುಕೊಂಡರು. ಆಮೇಲೆ, "ನಡೆಯೋ ಕೈಯನ್ನ ಕಟ್ಟಿ ಹಾಕ್ತಾರಂತೆ. ನಾನಿರೋವರೆಗೂ ಅದು ಆಗಲ್ಲ" ಅಂದರು. ಆಸ್ಪತ್ರೆಯ ಕೆಳಗಿನ ಅಂಗಡಿಯಲ್ಲಿ ಮೇಡಂ ಹೇಳಿದಂಥ ಆಟಿಕೆಗಳಿದ್ದವು. ಬೆಲೆ ನೋಡಿ ಮಗಳು ಪೆಟ್ಟಿಗೆಯನ್ನು ಇದ್ದಲ್ಲೇ ಇಟ್ಟಳು. ಇವರು ಅದನ್ನೇ ಕೈಗೆತ್ತಿಕೊಂಡು, ಹಿಂದೆ ಮುಂದೆ ತಿರುಗಿಸಿ, ತಲೆಕೆಳಗೆ ಮಾಡಿ, ಅಲ್ಲಾಡಿಸಿ ನೋಡಿದರು. "ಇದರಲ್ಲೇನಿದೆ ಮಹಾ? ನಾಲ್ಕು ಮುಚ್ಚಳ, ಒಂದು ದಾರ. ಮನೇಲಿ ಮಾಡ್ತೀನಿ."

ಅಂದಿನಿಂದ ಶುರುವಾಯಿತು ನನ್ನ ಗ್ರಹಚಾರ. ನೀರಿನ ಬಾಟಲಿಗಳ ಕತ್ತು ಹಾರಿತು. ಹೊಸ ಮಿಕ್ಸಿ ಬಂದ ರಟ್ಟಿನ ಪೆಟ್ಟಿಗೆಯ ಮೇಲೆ ಆನೆಯ ಚಿತ್ರ ಬರೆದು, ತುಂಡು ಮಾಡಿ, ಜೋಡಿಸುವ ಆಟವಾಯಿತು. ನನ್ನ ನೂಲಿನ ರೀಲುಗಳು ಖಾಲಿಯಾಗುವುದನ್ನೇ ಕಾಯುತ್ತಾ ಕೂರುತ್ತಿದ್ದರು; ಕಾಯಲಾಗದೆ ಒಂದು ಸಲ ಹಸಿರು ನೂಲನ್ನೆಲ್ಲ ಬಿಚ್ಚಿ ನನ್ನ ಸ್ಟೂಲಿನ ಕಾಲಿಗೆ ಸುತ್ತಿಟ್ಟಿದ್ದರು. ಗಿರಾಕಿಗಳ ಮಿಷನ್ನುಗಳು ಹೊಟ್ಟೆ ಬಿಚ್ಚಿಕೊಂಡು ಸಾಲಾಗಿ ಕೂತಿರುತ್ತಿದ್ದವು. ಬಂದವರಿಗೆಲ್ಲ ಸಬೂಬು ಹೇಳುವ ಕೆಲಸ ನನ್ನದು.

ಆಟಿಕೆಗಳು ಚೆನ್ನಾಗಿದ್ದವು, ಇಲ್ಲ ಅನ್ನುವುದಿಲ್ಲ. ಒಂದೊಂದು ಅಂಚನ್ನೂ ಅರದಲ್ಲಿ ತೀಡಿ, ಉಪ್ಪು ಕಾಗದದಲ್ಲಿ ಉಜ್ಜಿ, ತಮ್ಮ ಕೆನ್ನೆಗೆ ಸವರಿ ನೋಡಿ ಕೊಡುತ್ತಿದ್ದರು. ಆದರೆ ಎಡವಟ್ಟು ಆದದ್ದೂ ಅಲ್ಲೇ, ನಮ್ಮಿಬ್ಬರ ಕಣ್ಣೆದುರಿಗೇ.

ಮೊದಲು ಮಾಡಿದ್ದು ರೀಲಿನ ಸರ. ಒಂದು ಕೈಯಲ್ಲಿ ದಾರ, ಒಂದು ಕೈಯಲ್ಲಿ ರೀಲು ಹಿಡಿದು ಪೋಣಿಸಬೇಕು. ಮೆಣಸು ಬಲಗೈಯಲ್ಲಿ ದಾರ ಹಿಡಿದು ನೆಲದ ಮೇಲಿದ್ದ ರೀಲಿಗೆ ಚುಚ್ಚಿದಳು. ರೀಲು ಉರುಳಿತು. ಮತ್ತೆ ಚುಚ್ಚಿದಳು, ಮತ್ತೆ ಉರುಳಿತು. ಅವಳ ತುಟಿ ಸೊಟ್ಟಗಾಗುವಷ್ಟರಲ್ಲಿ ಇವರು ಎದ್ದಾಗಿತ್ತು. "ತಾಳು ಮರಿ, ಉರುಳುತ್ತೆ ಅಲ್ವಾ, ತಾತ ಸರಿ ಮಾಡ್ತಾನೆ." ಮಾರನೆಯ ದಿನ ರೀಲುಗಳೆಲ್ಲ ಒಂದು ಹಲಗೆಯ ಮೇಲೆ ಸಾಲಾಗಿ ಗಟ್ಟಿಯಾಗಿ ಕೂತಿದ್ದವು, ದಾರದ ತುದಿಗೆ ತಂತಿ ಬಂದಿತ್ತು. ಮೆಣಸು ಸರಸರನೆ ಪೋಣಿಸಿದಳು. ಬಾಟಲಿ ಕತ್ತಿನ ಆಟಕ್ಕೂ ಅದೇ ಗತಿ. ಮುಚ್ಚಳ ತಿರುಗಿಸುವಾಗ ಕತ್ತು ಜಾರುತ್ತದೆ ಅಂತ ಆರು ಕತ್ತನ್ನೂ ಹಲಗೆಗೆ ಸ್ಕ್ರೂ ಹಾಕಿ ಬಿಗಿದರು. ಮುಚ್ಚಳ ಹಿಡಿಯುತ್ತದೆ ಅಂತ ಒಳಗೆ ತೀಡಿ ಒಂದೊಂದು ತೊಟ್ಟು ಎಣ್ಣೆ ಬಿಟ್ಟರು. ಆಮೇಲೆ ಕಿರುಬೆರಳು ತಾಗಿಸಿ ನೋಡಿದರು. ಮುಚ್ಚಳ ತಾನೇ ತಾನಾಗಿ ತಿರುಗಿತು.

"ನೋಡೇ, ಹೇಗೆ ಆಡ್ತಾಳೆ" ಅಂದರು. ಅವಳು ಆಡುವುದನ್ನು ನೋಡಿ ನಾನೂ ಚಪ್ಪಾಳೆ ತಟ್ಟಿದೆ, ಸುಳ್ಳು ಯಾಕೆ ಹೇಳಲಿ.

ಮೂರು ತಿಂಗಳಾದ ಮೇಲೆ ಎರಡು ಚೀಲ ತುಂಬ ಆಟಿಕೆ ಹೊತ್ತು ಬಸ್ಸು ಹತ್ತಿದೆವು. ಹಲಗೆ ಚೀಲದಿಂದ ಹೊರಗೆ ಚಾಚಿ ಮುಂದಿನ ಸೀಟಿನವರ ಬೆನ್ನಿಗೆ ತಿವಿಯುತ್ತಿತ್ತು. ಅವರು ತಿರುಗಿ ಸಿಡುಕಿದರೆ ಇವರು ಹಲಗೆ ಸರಿಸುವುದು ಬಿಟ್ಟು, ಅದು ಯಾವ ಮರದ್ದು ಅಂತ ಅವರಿಗೆ ವಿವರಿಸಿದರು. ನನಗೆ ಸಾಕೋ ಸಾಕಾಯಿತು.

ಇವರು ಮೇಡಂ ಮುಂದೆ ಚಾಪೆಯ ಮೇಲೆ ಎಲ್ಲ ಹರಡಿ ಮೆಣಸನ್ನು ಕೂರಿಸಿದರು. ಅವಳು ರೀಲು ಪೋಣಿಸಿದಳು, ಆರು ಮುಚ್ಚಳ ಬಿಚ್ಚಿ ಆರು ಮುಚ್ಚಳ ಹಾಕಿದಳು, ಆನೆಯನ್ನು ಸೊಂಡಿಲ ಸಮೇತ ಜೋಡಿಸಿದಳು. ಇವರು ಬಹುಮಾನ ಬಂದವರ ಹಾಗೆ ಎದೆಯುಬ್ಬಿಸಿ ನಿಂತಿದ್ದರು. ಮೇಡಂ ಪುಸ್ತಕದಲ್ಲಿ ಏನನ್ನೂ ಬರೆಯಲಿಲ್ಲ.

"ತುಂಬಾ ಚೆನ್ನಾಗಿ ಮಾಡಿದ್ದೀರಿ ತಾತ. ನಮ್ಮಲ್ಲಿರೋದಕ್ಕಿಂತ ಚೆನ್ನಾಗಿವೆ" ಅಂದರು. "ಇವಳ ಎಡಗೈ ಎಲ್ಲಿ?"

ನೋಡಿದರೆ ಎಡಗೈ ಫ್ರಾಕಿನ ಜೇಬಿನೊಳಗಿತ್ತು. ಆಟ ಶುರುವಾದಾಗಿನಿಂದ ಒಮ್ಮೆಯೂ ಹೊರಗೆ ಬಂದಿರಲಿಲ್ಲ. ಕರವಸ್ತ್ರ ಇಟ್ಟುಕೊಳ್ಳಲಿ ಅಂತ ಅವಳ ಎಲ್ಲ ಫ್ರಾಕಿಗೂ ಎಡಗಡೆ ಜೇಬು ಹೊಲಿದವಳು ನಾನು.

"ಇದನ್ನ ಹಲಗೆಗೆ ಯಾಕೆ ಕೂರಿಸಿದ್ರಿ?" ಮೇಡಂ ಕೇಳಿದರು.

"ಜಾರ್ತಿತ್ತು ಮೇಡಂ. ಮಗೂಗೆ ಕಷ್ಟ ಆಗ್ತಿತ್ತು."

"ಜಾರಬೇಕು ತಾತ. ಜಾರಿದಾಗ ತಾನೇ ಹಿಡಿಯೋಕೆ ಇನ್ನೊಂದು ಕೈ ಬೇಕಾಗೋದು? ಎಡಗೈ ಮಾಡಬೇಕಾಗಿದ್ದ ಕೆಲಸಾನೆಲ್ಲ ನಿಮ್ಮ ಹಲಗೆ ಮಾಡ್ತಾ ಇದೆ."

ಬೈದಿದ್ದರೂ ಪರವಾಗಿರಲಿಲ್ಲ, ಅವರು ಮೆತ್ತಗೆ ಹೇಳಿದರು. ಆಮೇಲೆ ಮೇಜಿನ ಖಾನೆ ಎಳೆದು ಬಿಳಿ ಪಟ್ಟಿಯ ಸುರುಳಿ ತೆಗೆದು ಮೇಜಿನ ಮೇಲಿಟ್ಟರು. ಮಗಳು ಎದ್ದು ನಿಂತಳು. "ಒಂದು ತಿಂಗಳು ಕೊಡಿ ಮೇಡಂ. ಒಂದೇ ಒಂದು ತಿಂಗಳು." ಮೇಡಂ ಮೆಣಸನ್ನೂ ಇವರನ್ನೂ ನೋಡಿದರು. "ಸರಿ, ಒಂದು ತಿಂಗಳು. ಅವಳು ಎಷ್ಟೇ ಅತ್ರೂ ಮಧ್ಯೆ ಕೈ ಹಾಕಬೇಡಿ. ಆಗಲೂ ಎಡಗೈ ಬರದಿದ್ರೆ ಪಟ್ಟಿ ಕಟ್ಟೋದೇ."

ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ನನ್ನ ಪಿತ್ತ ನೆತ್ತಿಗೇರಿತ್ತು.

"ಮೂರು ತಿಂಗಳು ನನ್ನ ಮನೆ ಗುಜರಿ ಅಂಗಡಿ ಮಾಡಿದ್ರಿ, ಸಹಿಸಿಕೊಂಡೆ. ಚಪ್ಪಲಿ ಹೋಯ್ತು, ಸಹಿಸಿಕೊಂಡೆ. ಎಲ್ಲ ಮಗು ಕೈಗೋಸ್ಕರ ಅಂದುಕೊಂಡೆ. ನಿಮ್ಮ ಆ ಒಂದು ಬೆರಳಿನ ಹುಚ್ಚು ಮಿಷನ್ನಿಗೆ ಇರಲಿ ಕಣ್ರೀ, ಮಗೂಗೆ ಯಾಕೆ? ಇನ್ನು ಆ ಕೈ ಕಟ್ಟಿಹಾಕಿದಾಗ ಅವಳ ಎದುರು ಹೋಗಿ ನೀವೇ ಕೂತ್ಕೊಳಿ."

"ಅಮ್ಮ, ಸಾಕು" ಅಂದಳು ಮಗಳು. ಇವರು ಸ್ಕ್ರೂಡ್ರೈವರ್ ತೆಗೆದುಕೊಂಡು ಹಲಗೆಯಿಂದ ಒಂದೊಂದೇ ಬಾಟಲಿ ಕತ್ತು ಬಿಚ್ಚತೊಡಗಿದರು. ನಾನು ಫ್ರಾಕುಗಳನ್ನೆಲ್ಲ ರಾಶಿ ಹಾಕಿಕೊಂಡು ಜೇಬು ಬಿಚ್ಚಲು ಕೂತೆ. ಏಳು ಜೇಬು. ಒಂದೊಂದಕ್ಕೂ ಎರಡೆರಡು ಸುತ್ತು ಹೊಲಿಗೆ ಹಾಕಿದ್ದೆ, ಅಷ್ಟು ಅಕ್ಕರೆಯಿಂದ.

ಬಿಚ್ಚಿದರೇನು ಬಂತು? ಮೆಣಸು ಎರಡು ಸಲ ಪ್ರಯತ್ನಿಸಿ ಮೂರನೆಯ ಸಲ "ತಾತಾ" ಅಂತ ರಾಗ ಎಳೆದರೆ ಸಾಕು, ಇವರ ಕೈ ತಾನಾಗಿ ಎಣ್ಣೆ ಕುಪ್ಪಿಯ ಕಡೆ ಹೋಗುತ್ತಿತ್ತು. ನಾಲ್ಕನೆಯ ದಿನ ಪರದೆಯ ಹಿಂದೆ ನಿಂತು ಏನೋ ಮಾಡುತ್ತಿದ್ದರು.

"ಏನ್ರೀ ಅದು ಕೈಯಲ್ಲಿ?"

"ಏನಿಲ್ಲ."

ಪರದೆಯ ಪಕ್ಕದಿಂದ ಎಣ್ಣೆ ಕುಪ್ಪಿಯ ಮೂತಿ ಕಾಣುತ್ತಿತ್ತು. ಕಿತ್ತುಕೊಂಡು ಬಂದು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆ. ಅಂದಿನಿಂದ ಗಿರಾಕಿ ಮಿಷನ್ ತಂದಾಗ ಮಾತ್ರ ಕುಪ್ಪಿ ಹೊರಗೆ ಬರುತ್ತಿತ್ತು. ಕೆಲಸ ಮುಗಿದ ಕೂಡಲೇ ವಾಪಸ್. ಅರವತ್ತೈದು ದಾಟಿದ ಮನುಷ್ಯನಿಗೆ ಹೀಗೆ ಕಾವಲು ಕೂರುವ ಹಣೆಬರಹ ನನ್ನದು.

ಆಮೇಲೆ ಇವರು ಒಂದು ಮರದ ಪೆಟ್ಟಿಗೆ ಮಾಡಲು ಹೊರಟರು, ಜಾರುವ ಮುಚ್ಚಳದ್ದು. ಬೇಕಂತಲೇ ಬಿಗಿಯಾಗಿ ಮಾಡುತ್ತೇನೆ ಅಂದರು. ಬೆಳಿಗ್ಗೆ ಬಿಗಿಯಾಗಿಯೇ ಇತ್ತು. ಊಟದ ಹೊತ್ತಿಗೆ ಒಂದು ಕಡೆ ಸ್ವಲ್ಪ ಹಿಡಿಯುತ್ತದೆ ಅಂತ ತೀಡಿದ್ದರು. ಸಂಜೆ ನಾನು ಎತ್ತಿಕೊಂಡರೆ ಮುಚ್ಚಳ ಸುಯ್ಯನೆ ಜಾರಿ ನನ್ನ ಕಾಲ ಮೇಲೆ ಬಿತ್ತು.

"ಬಿಗಿಯಾಗಿ ಮಾಡೋಕೆ ನನಗೆ ಬರಲ್ಲ ಕಣೇ" ಅಂದರು. "ಕೈಗೇ ಬರ್ತಿಲ್ಲ."

ಸೋತ ಧ್ವನಿ. ಇಷ್ಟು ವರ್ಷದಲ್ಲಿ ಆ ಧ್ವನಿ ನಾನು ಕೇಳಿರಲಿಲ್ಲ. ಅಯ್ಯೋ ಅನ್ನಿಸಿತು, ರೇಗಿಯೂ ಹೋಯಿತು. ಒಂದು ವಾರ ಹೀಗೇ ಕಳೆದು ಹೋಗಿತ್ತು.

ಮಾರನೆಯ ದಿನ ಸ್ಟೂಲು ಹತ್ತಿ, ಕಪಾಟಿನ ಮೇಲೆ ಕಂಬಳಿಗಳ ಹಿಂದೆ ಬಚ್ಚಿಟ್ಟಿದ್ದ ನನ್ನ ಗುಂಡಿ ಡಬ್ಬಿ ಇಳಿಸಿದೆ. ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿ, ದುಂಡಗಿನದು. ಈ ಮನೆಯಲ್ಲಿ ಇವರ ಕಣ್ಣು ತಪ್ಪಿಸಿ ಉಳಿದುಕೊಂಡಿದ್ದ ಒಂದೇ ಒಂದು ಡಬ್ಬಿ. ಅದರ ಮುಚ್ಚಳ ಎಷ್ಟು ಬಿಗಿಯೆಂದರೆ ನಾನೇ ಚಮಚದ ಹಿಡಿ ತೂರಿಸಿ ಮೀಟಿ ತೆಗೆಯಬೇಕು. ಚಮಚ ಹಾಕಿ ಒಂದು ಸಲ ತೆಗೆದೆ. ಮೆಣಸಿಗೆ ಪ್ರಾಣವಾಗಿದ್ದ ಕೋಟಿನ ದೊಡ್ಡ ಕೆಂಪು ಗುಂಡಿಯನ್ನು ಅವಳು ನೋಡುತ್ತಿರುವಂತೆಯೇ ಒಳಗೆ ಹಾಕಿದೆ. ಮಗುವಿನ ಕೈಗೆ ಬರುವಷ್ಟು, ಆದರೆ ಬಿಟ್ಟಿಯಾಗಿ ಬಾರದಷ್ಟು ಬಿಗಿಯಾಗಿ ಮುಚ್ಚಿ, ಗಲಗಲ ಅಲ್ಲಾಡಿಸಿ, ಕೋಣೆಯ ನಡುವೆ ಇಟ್ಟೆ. ಆಮೇಲೆ ಹೋಗಿ ಇವರ ಪಕ್ಕದಲ್ಲಿ ಕೂತು ಇವರ ಮಣಿಕಟ್ಟು ಹಿಡಿದುಕೊಂಡೆ.

ಮೆಣಸು ಬಲಗೈಯಲ್ಲಿ ಮುಚ್ಚಳ ಹಿಡಿದು ಎಳೆದಳು. ಡಬ್ಬಿ ಅವಳ ಜೊತೆಗೇ ಬಂತು. ತಿರುಗಿಸಿದಳು, ಡಬ್ಬಿ ನೆಲದ ಮೇಲೆ ಗಿರಗಿರ ಸುತ್ತಿತು.

"ತಾತ, ತೆಗಿ."

ಇವರು ಅರ್ಧ ಎದ್ದರು. ನಾನು ಎಳೆದು ಕೂರಿಸಿದೆ.

"ತಾತಾ, ತೆಗಿ ಅಂದ್ನಲ್ಲ."

"ಮಗೂ..."

"ಬಾಯಿ ಮುಚ್ಚಿಕೊಂಡು ಕೂತ್ಕೊಳಿ" ಅಂದೆ.

ಅವಳು ಅತ್ತಳು. ಸುಮ್ಮನೆ ಅಲ್ಲ, ಬೀದಿಗೆಲ್ಲ ಕೇಳುವ ಹಾಗೆ. ಎದುರು ಮನೆಯಾಕೆ ಬಾಗಿಲಿಗೆ ಬಂದು ಇಣುಕಿ, ನಮ್ಮಿಬ್ಬರನ್ನು ರಾಕ್ಷಸರನ್ನು ನೋಡುವ ಹಾಗೆ ನೋಡಿ ಹೋದಳು. ಮೆಣಸು ಡಬ್ಬಿಯನ್ನು ಒದ್ದಳು. ಅದು ಉರುಳುತ್ತಾ ಹೋಗಿ ಮಿಷನ್ನಿನ ಕಾಲಿಗೆ ಬಡಿದು ನಿಂತಿತು, ಒಳಗೆ ಗುಂಡಿಗಳು ಗಲಗಲ ಅಂದವು. ಅಳು ನಿಲ್ಲಿಸಿ ಅದರ ಹಿಂದೆ ಹೋದಳು. ಎರಡು ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಎಳೆದಳು, ಜಾರಿತು. ಗಲ್ಲದಡಿ ಒತ್ತಿ ಹಿಡಿದು ಎಳೆದಳು, ಜಾರಿತು. ನನಗೇ ಎದ್ದು ಹೋಗಿ ತೆಗೆದುಕೊಟ್ಟುಬಿಡೋಣ ಅನ್ನಿಸಿತು. ಹಾಳಾಗಲಿ, ಕೈ ಹೇಗಿದ್ದರೇನು ಅನ್ನಿಸಿತು. ಅಷ್ಟರಲ್ಲಿ ನನ್ನ ಕೈಯನ್ನು ಇವರು ಹಿಡಿದುಕೊಂಡಿದ್ದರು.

ಆಗ ಎಡಗೈ ಬಂತು. ಒಂದೇ ಸಲಕ್ಕೆ ಬರಲಿಲ್ಲ. ಮೊದಲು ಜೇಬನ್ನು ಹುಡುಕಿತು, ಜೇಬು ಇರಲಿಲ್ಲ. ಆಮೇಲೆ ಮುಷ್ಟಿ ಕಟ್ಟಿಕೊಂಡೇ ಬಂದು ಡಬ್ಬಿಯ ಪಕ್ಕಕ್ಕೆ ತಾಗಿತು, ಜಾರಿತು, ಮತ್ತೆ ಬಂತು. ಮೆಣಸು ಡಬ್ಬಿಯನ್ನು ಹೊಟ್ಟೆಗೆ ಅವುಚಿಕೊಂಡಳು. ಮುಷ್ಟಿಯಲ್ಲಿ ಎರಡು ಬೆರಳು ಬಿಚ್ಚಿ ತಗಡನ್ನು ಹಿಡಿದವು. ಬಲಗೈ ಎಳೆಯಿತು. ಮುಚ್ಚಳ ಟಪ್ಪೆಂದು ಹಾರಿ, ಗುಂಡಿಗಳು ಕೋಣೆಯ ತುಂಬ ಚೆಲ್ಲಾಡಿದವು.

ಮೆಣಸು ನಮ್ಮ ಕಡೆ ನೋಡಲೂ ಇಲ್ಲ. ಕೆಂಪು ಗುಂಡಿ ಹುಡುಕಿ, ಡಬ್ಬಿಯೊಳಗೆ ವಾಪಸ್ ಹಾಕಿ, ಡಬ್ಬಿಯನ್ನೂ ಮುಚ್ಚಳವನ್ನೂ ತಂದು ತಾತನ ಮಡಿಲಲ್ಲಿಟ್ಟಳು.

"ಮುಚ್ಚು."

ಇವರು ಅಭ್ಯಾಸದಂತೆ ಮುಚ್ಚಳವನ್ನು ಹಗುರವಾಗಿ ಮೇಲಿಟ್ಟು ಕೊಟ್ಟರು. ಅವಳು ಮುಟ್ಟಿದ ಕೂಡಲೇ ಅದು ಕಳಚಿ ಬಂತು. ಅವಳ ಮುಖ ಕೆಂಪಾಯಿತು.

"ಹೀಗಲ್ಲ ತಾತ. ಗಟ್ಟಿ."

ಇವರು ನನ್ನ ಮುಖ ನೋಡಿದರು. ಆಮೇಲೆ ಡಬ್ಬಿಯನ್ನು ಮಂಡಿಯ ಮೇಲಿಟ್ಟುಕೊಂಡು, ಎರಡೂ ಅಂಗೈ ಊರಿ, ಕಣ್ಣು ಒರೆಸಿಕೊಳ್ಳಲೂ ಕೈ ಬಿಡದೆ, ಮುಚ್ಚಳ ಟಕ್ ಅನ್ನುವವರೆಗೆ ಒತ್ತಿದರು.

ತಿಂಗಳು ತುಂಬಿದಾಗ ಆಸ್ಪತ್ರೆಗೆ ಒಯ್ದದ್ದು ಆ ಒಂದು ಡಬ್ಬಿಯನ್ನು ಮಾತ್ರ. ಪಟ್ಟಿಯ ಸುರುಳಿ ಆಗಲೇ ಮೇಜಿನ ಮೇಲಿತ್ತು. ಮೆಣಸು ಡಬ್ಬಿ ತೆಗೆಯಲು ತುಂಬ ಹೊತ್ತು ತೆಗೆದುಕೊಂಡಳು; ಆ ಕೈ ಇನ್ನೂ ನಿಧಾನ, ಎಲ್ಲ ಬೆರಳೂ ಬಿಚ್ಚುವುದಿಲ್ಲ, ಮುಂದೆ ಎಷ್ಟು ಬಿಚ್ಚುತ್ತವೋ ಗೊತ್ತಿಲ್ಲ. ಆದರೆ ಕರೆಯದೆಯೇ ಬಂತು. ಮೇಡಂ ಈ ಸಲ ಪುಸ್ತಕದಲ್ಲಿ ಅರ್ಧ ಪುಟ ಬರೆದರು. "ಸದ್ಯಕ್ಕೆ ಕಟ್ಟೋದು ಬೇಡ. ಹೀಗೇ ಮುಂದುವರಿಸಿ" ಎಂದು ಸುರುಳಿಯನ್ನು ಖಾನೆಯೊಳಗೆ ಹಾಕಿ ಮುಚ್ಚಿದರು. ಮಗಳು ಅಲ್ಲೇ ಕುರ್ಚಿಯ ಮೇಲೆ ಕೂತು ಅತ್ತುಬಿಟ್ಟಳು.

ಇಲ್ಲಿಗೆ ನನ್ನ ಗೋಳು ಮುಗಿಯಿತು ಅಂದುಕೊಂಡಿರೇನೋ. ಇವರು ಒಂದು ವಿಷಯ ತಲೆಗೆ ಹೊಕ್ಕರೆ ಬಿಡುವವರಲ್ಲ. ಮಾಯವಾಗಿದ್ದ ಮುಚ್ಚಳಗಳೆಲ್ಲ ಒಂದೊಂದಾಗಿ ಅಡುಗೆಮನೆಗೆ ವಾಪಸ್ ಬಂದವು. ಸಕ್ಕರೆಗೆ, ಟೀಪುಡಿಗೆ, ಉಪ್ಪಿಗೆ, ಎಲ್ಲದಕ್ಕೂ ಮುಚ್ಚಳವಿದೆ. ಎಲ್ಲವನ್ನೂ ಇವರು ಒತ್ತಿ ಬಿಗಿದಿಟ್ಟಿರುತ್ತಾರೆ, ಯಾವುದೂ ನನ್ನ ಕೈಯಲ್ಲಿ ಸಲೀಸಾಗಿ ಬರುವುದಿಲ್ಲ. ಬೆಳಿಗ್ಗೆ ಎದ್ದು ಒಲೆಯ ಮೇಲೆ ನೀರಿಟ್ಟು ಸಕ್ಕರೆ ಡಬ್ಬಿಯ ಜೊತೆ ಕುಸ್ತಿಗೆ ಬೀಳುತ್ತೇನೆ.

"ರೀ, ಇದನ್ನ ಯಾರು ತೆಗೀಬೇಕು?"

"ನನ್ನ ಕೇಳಬೇಡ" ಅನ್ನುತ್ತಾರೆ ಅಂಗಡಿಯಿಂದ. "ತೆಗೆಯೋರನ್ನ ಕರಿ."

ಮೆಣಸು ಕಣ್ಣುಜ್ಜಿಕೊಂಡು ಬಂದು ಅಡುಗೆಮನೆಯ ನೆಲದ ಮೇಲೆ ಕೂರುತ್ತಾಳೆ. ನಾನು ಬಗ್ಗಿದರೆ, "ಅಜ್ಜಿ, ನೀನು ಮುಟ್ಟಬೇಡ" ಅನ್ನುತ್ತಾಳೆ. ಡಬ್ಬಿಯನ್ನು ಹೊಟ್ಟೆಗೆ ಅವುಚಿಕೊಂಡು ಎಡಗೈಗೆ ಕಾಯುತ್ತಾಳೆ. ಅಷ್ಟರಲ್ಲಿ ಇವರೂ ಕೆಲಸ ಬಿಟ್ಟು ಬಂದು ಬಾಗಿಲಲ್ಲಿ ನಿಂತಿರುತ್ತಾರೆ. ಅವಳು ತೆಗೆಯುವವರೆಗೂ ನಾವಿಬ್ಬರೂ ಕೈಕಟ್ಟಿಕೊಂಡು ನಿಲ್ಲುತ್ತೇವೆ. ಒಲೆಯ ಮೇಲಿನ ನೀರು ಕುದಿದು ಕುದಿದು ಅರ್ಧವಾಗುತ್ತದೆ.